ದೋಣಿಯ ಮೋಟಾರಿನೊಳಗಣ ಇಂಗಾಲದ ಕಿಟ್ಟ

ಮಳೆಗಾಲ ಹತ್ತಿರವಾದಂತೆ ಕರಾವಳಿಯ ಮನೆಗಳಿಂದ ಮುಂಬಯಿಗೆ ಬರುವ ಬೇಡಿಕೆಗಳಲ್ಲಿ ಒಂದು ವಿಶೇಷವಾದುದುಂಟು. ಅಣ್ಣನೋ ಭಾವನೋ ಫೋನು ಮಾಡಿ, ದೋಣಿಯ ಮೋಟಾರು ಮುದಿಯಾಯಿತು, ಎಳೆಯುವುದಿಲ್ಲ, ಈ ಸಲ ಹೊಸದನ್ನೇ ಕೊಳ್ಳಬೇಕು ಎನ್ನುತ್ತಾನೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಾಗಲಿ, ಅಡಿಗೆಮನೆಯಲ್ಲಿ ದೋಸೆ ಹೊಯ್ಯುವವನಾಗಲಿ, ಕಚೇರಿಯ ಗುಮಾಸ್ತನಾಗಲಿ, ಯಂತ್ರದ ವಿಷಯ ತನಗೇನೂ ತಿಳಿಯದೆಂದು ಭಾವಿಸಿ ಕೂಡಿಟ್ಟುದನ್ನು ಕಳುಹಿಸುತ್ತಾನೆ. ಸಾಲದಿದ್ದರೆ ಕೈಸಾಲ ಮಾಡಿ ಕಳುಹಿಸುತ್ತಾನೆ. ಕಳುಹಿಸಬಾರದೆಂದು ನಾವು ಹೇಳುವವರಲ್ಲ. ಆದರೆ ಮುದಿತನವೆಂದು ಕಾಣುವ ಈ ನಿಶ್ಶಕ್ತಿಗೆ ಅನೇಕ ವೇಳೆ ಕಾರಣ ಬೇರೆಯೇ ಇರುತ್ತದೆ. ಹತ್ತಾರು ವರ್ಷ ದುಡಿದ ಮೋಟಾರಿನ ಹೊಟ್ಟೆಯಲ್ಲಿ ಇಂಗಾಲವು ಕಿಟ್ಟಗಟ್ಟಿ ಕುಳಿತಿರುತ್ತದೆ. ಅದನ್ನು ತೆಗೆದರೆ ಮೋಟಾರು ಮತ್ತೆ ಎಳೆಯುತ್ತದೆ. ತೆಗೆಯುವ ಕ್ರಮವನ್ನರಿಯದೆ ಕೈಹಾಕಿದರೆ ಚೆನ್ನಾಗಿದ್ದ ಮೋಟಾರೂ ಕೆಡುತ್ತದೆ. ಈ ಎರಡು ಮಾತುಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಣದ ಮಾತು ಒಂದು ಕಡೆಗಿರಲಿ. ಇತ್ತೀಚಿನ ವರ್ಷಗಳ ಸರಕಾರಿ ಆಜ್ಞೆಗಳಂತೆ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯ ವರೆಗಿನ ಮೋಟಾರಿರುವ ನಾಡದೋಣಿಗಳಿಗೆ ಅವಕಾಶವುಂಟು. ಹೀಗೆ ಬಡವನ ದೋಣಿಗೆ ಸುಗ್ಗಿಯೆನಿಸಿದ ಕಾಲವೇ ಕಡಲು ಅತ್ಯಂತ ಉಗ್ರವಾಗಿರುವ ಕಾಲವೂ ಆಗಿದೆ. ಗಂಗೊಳ್ಳಿಯಂತಹ ಅಳಿವೆಯ ಬಾಯಲ್ಲಿ, ಹೊಳೆಯ ನೀರಿನ ಸೆಳೆತವೂ ಕಡಲ ತೆರೆಯೂ ಎದುರುಬದುರಾಗುವ ಸ್ಥಳದಲ್ಲಿ, ಮೋಟಾರು ಅರ್ಧ ನಿಮಿಷ ಕೈಬಿಟ್ಟರೂ ದೋಣಿ ತೆರೆಗೆ ಅಡ್ಡವಾಗುತ್ತದೆ. ಅಡ್ಡವಾದ ದೋಣಿಯನ್ನು ಮಗುಚುವುದಕ್ಕೆ ಒಂದು ತೆರೆ ಸಾಕು. ಇಂಗಾಲ ತುಂಬಿದ ಮೋಟಾರು ಕೈಬಿಡುವುದೂ ಸಾಮಾನ್ಯವಾಗಿ ಇಂತಹ ಸ್ಥಳದಲ್ಲಿಯೇ. ಯಾಕೆಂದರೆ ಅದರ ಮೇಲೆ ಪೂರ್ಣ ಭಾರ ಬೀಳುವುದು ಅಲ್ಲಿ.

ದೋಣಿಯ ಹಲಗೆಗೆ ಹೊರಗಡೆ ತಗಲಿಸುವುದರಿಂದ ಈ ಮೋಟಾರಿಗೆ ಔಟ್‌ಬೋರ್ಡ್ ಎಂಬ ಹೆಸರು ಬಂದಿತು. ನಾರ್ವೆಯಲ್ಲಿ ಹುಟ್ಟಿ ಅಮೇರಿಕದ ಮಿಲ್ವಾಕಿ ನಗರದಲ್ಲಿ ನೆಲಸಿದ ಓಲೆ ಎವಿನ್ರೂಡ್ ಎಂಬಾತನು 1909ರಲ್ಲಿ ಮಾರಾಟಕ್ಕಿಟ್ಟ ಮೋಟಾರು ಒಂದೂವರೆ ಅಶ್ವಶಕ್ತಿಯದು. ಅದರ ತೂಕ 62 ಪೌಂಡು. ಆತನ ಹೆಸರನ್ನು ಹೊತ್ತ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಜಪಾನಿನ ಯಮಹಾ ಸಂಸ್ಥೆಯು ತನ್ನ ಮೊದಲ ಔಟ್‌ಬೋರ್ಡನ್ನು ಹೊರತಂದುದು 1960ರಲ್ಲಿ. ನಮ್ಮ ನಾಡದೋಣಿಗಳವರು ಬಹುಕಾಲದಿಂದ ನಂಬಿಕೊಂಡು ಬಂದುದು ಜಪಾನಿ ಮಾದರಿಯ ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್, ಸೀಮೆಎಣ್ಣೆ ಮೋಟಾರುಗಳನ್ನು.

ಎರಡು ಹೊಡೆತದ ಯಂತ್ರಕ್ಕೆ ಕೀಲೆಣ್ಣೆಯ ಪ್ರತ್ಯೇಕ ಬಾವಿಯಿಲ್ಲ. ಇಂಧನದೊಡನೆಯೇ ಎಣ್ಣೆಯನ್ನು ಬೆರಸಿ ಕೊಡಬೇಕು. ಅದು ಒಳಗಿನ ಬೇರಿಂಗು, ಪಿಸ್ಟನ್ ಎಲ್ಲವನ್ನೂ ತೇವಗೊಳಿಸಿ, ಕೊನೆಗೆ ಇಂಧನದ ಜೊತೆಯಲ್ಲಿಯೇ ಉರಿದುಹೋಗಬೇಕು. ಎಣ್ಣೆಯು ಪೂರ್ತಿ ಉರಿಯುವ ವಸ್ತುವಲ್ಲ. ಉರಿಯದೆ ಉಳಿದುದು ಕಾದ ಲೋಹದ ಮೇಲೆ ಸುಟ್ಟು ಹೆಪ್ಪುಗಟ್ಟುತ್ತದೆ. ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಡೆ ಕರಿಯುವ ಬಾಣಲೆಯ ಹೊರಮೈಯಲ್ಲಿ ವರ್ಷಗಟ್ಟಲೆ ಸೋರಿದ ಎಣ್ಣೆ ಪದರಪದರವಾಗಿ ಕರ್ರಗೆ ಕಲ್ಲಾಗುವುದನ್ನು ಅವರು ದಿನವೂ ಕಂಡವರು. ಮೋಟಾರಿನ ಒಳಗಿನ ಕಿಟ್ಟವೂ ಅದೇ ಜಾತಿಯದು.

ಸೀಮೆಎಣ್ಣೆಯ ಮೋಟಾರಿನಲ್ಲಿ ಈ ಕಷ್ಟ ಇಮ್ಮಡಿ. ಗಾಳಿ ಹೊಡೆಯುವ ಸ್ಟವ್ ಉಪಯೋಗಿಸಿದವರಿಗೆ ಕಾರಣ ಗೊತ್ತು. ಬಟ್ಟಲಲ್ಲಿ ಸ್ಪಿರಿಟ್ ಸುರಿದು ಉರಿಸಿ, ತಲೆ ಚೆನ್ನಾಗಿ ಕಾದ ಮೇಲೆ ಪಂಪು ಹೊಡೆದರೆ ನೀಲಿ ಜ್ವಾಲೆ. ಅವಸರಪಟ್ಟರೆ ಹಳದಿ ಜ್ವಾಲೆ, ಹೊಗೆ, ಪಾತ್ರೆಯ ತಳಕ್ಕೆಲ್ಲ ಮಸಿ. ತಣ್ಣಗಿನ ಸೀಮೆಎಣ್ಣೆ ಆವಿಯಾಗದು; ಆವಿಯಾಗದುದು ಶುದ್ಧವಾಗಿ ಉರಿಯದು. ಆದುದರಿಂದಲೇ ಈ ಮೋಟಾರುಗಳನ್ನು ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕೆಂಬ ನಿಯಮವಿದೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಒಂದೆರಡು ನಿಮಿಷ ನಡೆಸತಕ್ಕದ್ದು. ಹಾಗೆ ಮಾಡಿದರೆ ಮರುದಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲೇ ಇರುತ್ತದೆ. ಪೆಟ್ರೋಲು ದುಬಾರಿಯೆಂದು ಈ ಎರಡು ನಿಮಿಷವನ್ನು ಉಳಿಸುವವರು ಆ ಉಳಿತಾಯವನ್ನೆಲ್ಲ ಪಿಸ್ಟನ್ನಿನ ತಲೆಯ ಮೇಲೆ ಮಸಿಯಾಗಿ ಕೂಡಿಡುತ್ತಾರೆ ಎನ್ನಬಹುದು.

ಈ ಕಿಟ್ಟವು ಕೂರುವ ಸ್ಥಳಗಳು ಮುಖ್ಯವಾಗಿ ನಾಲ್ಕು: ಪಿಸ್ಟನ್ನಿನ ತಲೆ, ಅದಕ್ಕೆದುರಾದ ಸಿಲಿಂಡರಿನ ಮುಚ್ಚಳ, ಹೊಗೆ ಹೊರಹೋಗುವ ಕಿಂಡಿ, ಪಿಸ್ಟನ್ ಉಂಗುರಗಳ ಗಾಡಿ. ತಲೆಯ ಮೇಲೂ ಮುಚ್ಚಳದಲ್ಲಿಯೂ ಕುಳಿತ ಕಿಟ್ಟ ಅಲ್ಲಿನ ಅವಕಾಶವನ್ನು ಕಿರಿದುಗೊಳಿಸುತ್ತದೆ. ಒಳಗಿನ ಒತ್ತಡ ಹೆಚ್ಚುತ್ತದೆ. ಸೀಮೆಎಣ್ಣೆ ಪೆಟ್ರೋಲಿನಷ್ಟು ಒತ್ತಡವನ್ನು ತಾಳುವುದಿಲ್ಲ, ಕಾಲಕ್ಕೆ ಮುಂಚೆ ತಾನಾಗಿ ಸಿಡಿಯುತ್ತದೆ. ಭಾರವೆಳೆಯುವಾಗ ಕೇಳುವ ಕಟಕಟ ಶಬ್ದ ಅದೇ. ಇನ್ನು ಕೆಂಡದಂತೆ ಕಾದ ಇಂಗಾಲದ ತುಣುಕು ಪ್ಲಗ್ಗಿನ ಕಿಡಿಗೆ ಕಾಯದೆ ಬೆಂಕಿ ಹಚ್ಚುವುದೂ ಉಂಟು. ಇದು ಬಹುಕಾಲ ನಡೆದರೆ ಪಿಸ್ಟನ್ನಿನ ತಲೆ ಕರಗಿ ತೂತು ಬೀಳುತ್ತದೆ. ಹೊಗೆಯ ಕಿಂಡಿ ಕಟ್ಟಿಕೊಂಡರೆ ಅಷ್ಟು ಅಪಾಯವಿಲ್ಲ, ಯಂತ್ರ ಉಸಿರುಗಟ್ಟಿದಂತೆ ಮಂದವಾಗುತ್ತದೆ ಅಷ್ಟೆ.

ಎಲ್ಲಕ್ಕಿಂತ ಕೇಡು ಉಂಗುರದ ಗಾಡಿಯಲ್ಲಿ ಸೇರಿದ ಇಂಗಾಲ. ಪಿಸ್ಟನ್ನಿನ ಉಂಗುರ ಒಂದು ಸ್ಪ್ರಿಂಗಿನಂತಹುದು. ತನ್ನ ಗಾಡಿಯಲ್ಲಿ ಸ್ವತಂತ್ರವಾಗಿ ಆಡುತ್ತ, ಸಿಲಿಂಡರಿನ ಗೋಡೆಗೆ ಸದಾ ಒತ್ತಿಕೊಂಡಿರುವುದೇ ಅದರ ಕೆಲಸ. ಅದು ಒತ್ತಿಕೊಂಡಿದ್ದರೆ ಒಳಗಿನ ಅನಿಲ ಸೋರುವುದಿಲ್ಲ. ಪಿಸ್ಟನ್ನಿನ ಬಿಸಿಯೂ ಉಂಗುರದ ಮೂಲಕ ಗೋಡೆಗೆ, ಗೋಡೆಯಿಂದ ಸುತ್ತಲಿನ ನೀರಿಗೆ ಹರಿದುಹೋಗುತ್ತದೆ. ಗಾಡಿಯಲ್ಲಿ ಕಿಟ್ಟ ತುಂಬಿದ ಉಂಗುರ ಅಂಟಿಕೊಂಡು ಅಲ್ಲಾಡದಾಗುತ್ತದೆ. ಆಗ ಉರಿಯುವ ಅನಿಲ ಅದರ ಪಕ್ಕದಿಂದ ನುಸುಳಿ ಗೋಡೆಯ ಎಣ್ಣೆಯ ತೆಳುಪದರವನ್ನು ಸುಡುತ್ತದೆ. ಪಿಸ್ಟನ್ ಕಾದು ಹಿಗ್ಗಿ ಗೋಡೆಯನ್ನು ಗೀರುತ್ತದೆ. ಒಂದು ದಿನ ಹಿಡಿದು ನಿಂತೇಬಿಡುತ್ತದೆ. ಹಳೆಯ ಮೋಟಾರುಗಳಿಗೆ ಬರುವ ಅಕಾಲಮರಣಗಳಲ್ಲಿ ಇದೊಂದು. ಉಂಗುರ ಅಂಟಿದ ಆರಂಭದಲ್ಲಿಯೇ ಬಿಡಿಸಿದರೆ ಯಂತ್ರ ಉಳಿಯುತ್ತದೆ, ಗೀರು ಬಿದ್ದ ಮೇಲೆ ಇಂಗಾಲ ತೆಗೆದು ಫಲವಿಲ್ಲ. ಈ ಎರಡು ಘಟ್ಟಗಳ ನಡುವಿನ ಕಾಲದಲ್ಲಿಯೇ ಎಚ್ಚರಗೊಳ್ಳಬೇಕು.

ಊರಿನಿಂದ ಫೋನು ಬಂದಾಗ ಮುಂಬಯಿಯಲ್ಲಿದ್ದವನು ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ಹಗ್ಗ ಎಳೆಯುವಾಗ ಮೊದಲಿನ ಬಿಗಿಯಿದೆಯೆ, ಸಡಿಲವಾಗಿದೆಯೆ? ನಿಲ್ಲಿಸಿದ ಮೇಲೂ ಮೋಟಾರು ನಾಲ್ಕಾರು ಸುತ್ತು ತಾನಾಗಿ ತಿರುಗುತ್ತದೆಯೆ? ಪ್ಲಗ್ಗು ಬಿಚ್ಚಿದಾಗ ಕರ್ರಗೆ ಒದ್ದೆಯಾಗಿರುತ್ತದೆಯೆ, ಹೊಸದು ಹಾಕಿದರೂ ಬೇಗನೆ ಹಾಗೆಯೇ ಆಗುತ್ತದೆಯೆ? ಈ ಲಕ್ಷಣಗಳು ಕೂಡಿಬಂದರೆ ಇಂಗಾಲವನ್ನು ಶಂಕಿಸಬಹುದು. ಕೇವಲ ವೇಗ ಕಡಿಮೆಯಾಗಿದೆಯೆಂಬುದು ಸಾಕ್ಷಿಯಾಗದು. ಎಣ್ಣೆ ಸೋಸುವ ಜಾಲರಿ ಕಟ್ಟಿದ್ದರೂ, ಪಂಖದ ಅಲಗು ಮುರಿದಿದ್ದರೂ, ದೋಣಿಯ ತಳಕ್ಕೆ ಚಿಪ್ಪು ಹತ್ತಿದ್ದರೂ ವೇಗ ಕುಂದುತ್ತದೆ.

ಸಂದೇಹ ನಿವಾರಣೆಗೆ ಒತ್ತಡ ಅಳೆಯುವ ಗೇಜು ಇದೆ. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಕಿಡಿಯ ತಂತಿಗಳನ್ನು ಯಂತ್ರದ ಮೈಗೆ ತಗಲಿಸಿಟ್ಟು, ಪ್ಲಗ್ಗಿನ ರಂಧ್ರಕ್ಕೆ ಗೇಜು ತಿರುಗಿಸಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರದೆ ನಿಲ್ಲುವ ತನಕ ಹಗ್ಗ ಎಳೆಯಬೇಕು. ಎರಡು ಸಿಲಿಂಡರಿನ ಮೋಟಾರಿನಲ್ಲಿ ಒಂದರ ಅಂಕೆಗೂ ಇನ್ನೊಂದರ ಅಂಕೆಗೂ ಶೇಕಡಾ 10–15ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆಯಿರುವ ಕಡೆ ಉಂಗುರ ಅಂಟಿದೆ, ಇಲ್ಲವೆ ಸವೆದಿದೆ, ಇಲ್ಲವೆ ಗ್ಯಾಸ್ಕೆಟ್ ಸೋರುತ್ತದೆ ಎಂದು ತಿಳಿಯಬೇಕು. ಸೀಮೆಎಣ್ಣೆ ಮೋಟಾರಿನ ಒತ್ತಡ ಸ್ವಭಾವತಃ ಕಡಿಮೆ. ಪೆಟ್ರೋಲ್ ಮೋಟಾರಿನ ಅಂಕೆಯೊಡನೆ ಹೋಲಿಸಿ ಗಾಬರಿಗೊಳ್ಳಬಾರದು.

ಪರಿಹಾರಗಳಲ್ಲಿ ಸೌಮ್ಯವಾದುದು ನೆನೆಹಾಕುವ ವಿಧಾನ. ಇಂಗಾಲವನ್ನು ಮೆತ್ತಗಾಗಿಸುವ ದ್ರವಗಳನ್ನು ಮೋಟಾರು ಕಂಪನಿಗಳೇ ಮಾರುತ್ತವೆ. ಕ್ವಿಕ್‌ಸಿಲ್ವರಿನ ಪವರ್ ಟ್ಯೂನ್, ಅಮೇರಿಕದಲ್ಲಿ ಹೆಸರಾದ ಸೀ ಫೋಮ್ ಮೊದಲಾದುವು ಈ ವರ್ಗದವು. ಮೋಟಾರನ್ನು ಹೊಳೆಯ ನೀರಿನಲ್ಲಿ, ಇಲ್ಲವೆ ಸಿಹಿನೀರು ತುಂಬಿದ ದೊಡ್ಡ ಪೀಪಾಯಿಯಲ್ಲಿ ಇಳಿಬಿಟ್ಟು ಚಾಲೂ ಮಾಡಬೇಕು. ನೀರಿಲ್ಲದೆ ಅರೆನಿಮಿಷ ನಡೆಸಿದರೂ ನೀರೆತ್ತುವ ರಬ್ಬರಿನ ಚಕ್ರ ಸುಟ್ಟು ಹಾಳಾಗಬಹುದೆಂಬುದನ್ನು ಮರೆಯಬಾರದು. ಮೋಟಾರು ಚೆನ್ನಾಗಿ ಬಿಸಿಯಾದ ಮೇಲೆ, ಸ್ವಲ್ಪ ಚುರುಕಾಗಿ ಓಡುತ್ತಿರುವಾಗಲೇ, ಕಾರ್ಬ್ಯುರೇಟರಿನ ಬಾಯೊಳಗೆ ದ್ರವವನ್ನು ಸಿಂಪಡಿಸುತ್ತ ಹೋಗಬೇಕು. ಬಿಳಿಯ ಹೊಗೆ ದಟ್ಟವಾಗಿ ಏಳುತ್ತದೆ. ಬಯಲಿನಲ್ಲಿಯೇ ಈ ಕೆಲಸ ಮಾಡತಕ್ಕದ್ದು, ಬೀಡಿ ಹೊತ್ತಿಸಿಕೊಂಡು ಹತ್ತಿರ ನಿಲ್ಲತಕ್ಕದ್ದಲ್ಲ. ಕೊನೆಗೆ ದ್ರವವನ್ನು ಹೆಚ್ಚಾಗಿ ಬಿಟ್ಟು ಮೋಟಾರು ತಾನಾಗಿ ನಿಲ್ಲುವಂತೆ ಮಾಡಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಉಂಗುರ ಅಂಟಿದ ಶಂಕೆಯಿದ್ದರೆ ಒಂದು ರಾತ್ರಿ, ಹಾಗೆಯೇ ಬಿಡಬೇಕು.

ಉಂಗುರ ಬಿಗಿಯಾಗಿ ಅಂಟಿದ್ದರೆ ಪ್ಲಗ್ಗಿನ ರಂಧ್ರದಿಂದಲೂ ದ್ರವ ಹಾಕುವುದುಂಟು. ಔಟ್‌ಬೋರ್ಡಿನ ಸಿಲಿಂಡರುಗಳು ಮಲಗಿರುತ್ತವೆ. ನಿಂತ ಮೋಟಾರಿಗೆ ಸುರಿದರೆ ದ್ರವ ಕೆಳಬದಿಗೆ ಮಾತ್ರ ಇಳಿಯುತ್ತದೆ. ಮೋಟಾರನ್ನು ಪೂರ್ತಿ ಮೇಲಕ್ಕೆ ಮಡಿಚಿದರೆ ಪ್ಲಗ್ಗಿನ ರಂಧ್ರಗಳು ಆಕಾಶದ ಕಡೆಗೆ ತಿರುಗುತ್ತವೆ. ಆಗ ದ್ರವ ಪಿಸ್ಟನ್ನಿನ ತಲೆಯ ಮೇಲೆ ನಿಂತು ಸುತ್ತಲೂ ಉಂಗುರದ ಗಾಡಿಗೆ ಇಳಿಯುತ್ತದೆ. ಎರಡು ಸಿಲಿಂಡರಿದ್ದರೆ ಒಂದರ ಪಿಸ್ಟನ್ ಮೇಲಿರುವಾಗ ಇನ್ನೊಂದರದು ಕೆಳಗಿದ್ದು ಕಿಂಡಿಗಳು ತೆರೆದಿರುವುದರಿಂದ, ಒಂದೊಂದಾಗಿ ಮಾಡುವುದೇ ಸರಿ. ನೆನೆದ ಮೇಲೆ ಪ್ಲಗ್ಗುಗಳಿಲ್ಲದೆಯೇ ಹಗ್ಗವನ್ನು ಹಲವು ಸಲ ಎಳೆದು ದ್ರವವನ್ನೆಲ್ಲ ಹೊರಹಾಕಬೇಕು. ಆಗಲೂ ಕಿಡಿಯ ತಂತಿಗಳು ಯಂತ್ರದ ಮೈಗೆ ತಗಲಿಯೇ ಇರಬೇಕು. ಹೊರಚಿಮ್ಮುವ ದ್ರವಕ್ಕೆ ಕಿಡಿ ತಾಗಿದರೆ ಮುಖ ಸುಟ್ಟೀತು. ದ್ರವ ಉಳಿದಿರುವಾಗಲೇ ಪ್ಲಗ್ಗು ಮುಚ್ಚಿ ಬಲವಾಗಿ ಎಳೆದರೆ, ಅಮುಕಲಾಗದ ದ್ರವಕ್ಕೆ ಸಿಕ್ಕಿ ಪಿಸ್ಟನ್ನಿನ ಸರಳು ಬಾಗಬಹುದು. ಬಳಿಕ ಹಳೆಯ ಪ್ಲಗ್ಗುಗಳನ್ನೇ ಹಾಕಿ, ಮೋಟಾರನ್ನು ನೀರಿಗಿಳಿಸಿ ಚಾಲೂ ಮಾಡಿ, ಹೊಗೆಯಡಗುವ ತನಕ ಭಾರವಿಟ್ಟು ಓಡಿಸಿ, ಅನಂತರ ಹೊಸ ಪ್ಲಗ್ಗು ಹಾಕತಕ್ಕದ್ದು. ಒಂದು ಸಲಕ್ಕೆ ಒತ್ತಡ ಏರದಿದ್ದರೆ ಇನ್ನೊಮ್ಮೆ ಮಾಡಿ ನೋಡಬಹುದು.

ಕಲ್ಲಿನಂತಾದ ಕಿಟ್ಟಕ್ಕೆ ದ್ರವ ಸಾಲದು. ತಲೆಯನ್ನು ಬಿಚ್ಚಿ ಕೆರೆಯಬೇಕು. ಕೆಲವು ಹಳೆಯ ಮೋಟಾರುಗಳಲ್ಲಿ ತಲೆ ಸಿಲಿಂಡರಿನೊಡನೆ ಒಂದೇ ಎರಕವಾಗಿದ್ದು ಬಿಚ್ಚುವಂತೆಯೇ ಇಲ್ಲ. ಬಿಚ್ಚಬಹುದಾದ ಕಡೆಯೂ ಉಪ್ಪುನೀರು ತಿಂದ ಬೋಲ್ಟುಗಳು ಹಿಡಿದಿರುತ್ತವೆ. ತುಕ್ಕೆಣ್ಣೆ ಬಿಟ್ಟು, ಬಿಸಿ ಕೊಟ್ಟು, ತಾಳ್ಮೆಯಿಂದ ಸಡಿಲಿಸದೆ ಬಲಪ್ರಯೋಗ ಮಾಡಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಈ ಒಂದು ಕಾರ್ಯಕ್ಕಾಗಿಯಾದರೂ ನುರಿತ ಮೇಸ್ತ್ರಿಯನ್ನು ಕರೆಯುವುದು ಲೇಸು. ಕೊಟ್ಟ ಕೂಲಿ ವ್ಯರ್ಥವಾಗದು.

ತಲೆ ಬಿಚ್ಚಿದ ಮೇಲೆ ಪಿಸ್ಟನ್ನನ್ನು ತುತ್ತತುದಿಗೆ ತಂದು, ಅದರ ಅಂಚಿಗೂ ಗೋಡೆಗೂ ನಡುವಿನ ಸಂದಿಗೆ ಸುತ್ತಲೂ ಗ್ರೀಸು ಮೆತ್ತಬೇಕು. ಕೆರೆದ ಪುಡಿಯೆಲ್ಲ ಗ್ರೀಸಿಗೆ ಅಂಟುತ್ತದೆ, ಒಳಗಿಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಪಿಸ್ಟನ್ನನ್ನು ತುಸು ಕೆಳಗಿಳಿಸಿ ಆ ಗ್ರೀಸಿನ ಬಳೆಯನ್ನು ಪುಡಿಯ ಸಮೇತ ಒರಸಿ ತೆಗೆಯಬೇಕು. ಹೊಗೆಯ ಕಿಂಡಿಯನ್ನು ಹೊರಗಿನಿಂದ ಶುದ್ಧ ಮಾಡುವಾಗಲೂ ಪಿಸ್ಟನ್ನಿನ ಬದಿ ಕಿಂಡಿಯನ್ನು ಮುಚ್ಚಿರುವಂತೆ ನೋಡಿಕೊಳ್ಳಬೇಕು. ಕೆರೆಯುವ ಸಾಧನ ಬಿದಿರಿನ ಚಕ್ಕೆ, ಗಟ್ಟಿ ಮರದ ತುಂಡು, ಹೆಚ್ಚೆಂದರೆ ಮೊಂಡಾದ ಹಿತ್ತಾಳೆಯ ಪಟ್ಟಿ. ಉಕ್ಕಿನ ಉಳಿ, ತಂತಿಯ ಬ್ರಷ್ಷು ಸರ್ವಥಾ ಕೂಡದು. ಕಬ್ಬಿಣದ ದೋಸೆಯ ಕಾವಲಿಯನ್ನು ಸಟ್ಟುಗದಿಂದ ಕೆರೆದಂತೆ ಅಲ್ಯುಮಿನಿಯಮಿನ ಪಿಸ್ಟನ್ನನ್ನು ಕೆರೆಯಲಾಗದು. ಪ್ರತಿಯೊಂದು ಗೀರೂ ಮುಂದಿನ ಇಂಗಾಲಕ್ಕೆ ಬೇರೂರುವ ಸ್ಥಳವಾಗುತ್ತದೆ.

ಉಂಗುರದ ಗಾಡಿಯನ್ನು ಶುದ್ಧಗೊಳಿಸಬೇಕಾದರೆ ಪಿಸ್ಟನ್ನನ್ನೇ ಹೊರತೆಗೆಯಬೇಕು. ಹಳೆಯ ಉಂಗುರವೊಂದನ್ನು ಮುರಿದು, ಅದರ ತುದಿಯಿಂದಲೇ ಗಾಡಿಯನ್ನು ಕೆರೆಯುವುದು ಹಿಂದಿನಿಂದ ಬಂದ ರೂಢಿ. ಅಳತೆ ಸರಿಯಾಗಿ ಕೂಡುವುದರಿಂದ ಅದು ಒಳ್ಳೆಯ ರೂಢಿಯೂ ಹೌದು. ಗಾಡಿಯಲ್ಲಿ ಒಂದು ಪುಟ್ಟ ಮೊಳೆಯಿದೆ. ಉಂಗುರದ ಎರಡು ತುದಿಗಳು ಅದನ್ನು ನಡುವೆ ಹಿಡಿದು ಕೂರಬೇಕು. ಹಾಗಲ್ಲದೆ ಉಂಗುರ ತಿರುಗಿದರೆ ಅದರ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಮರಳಿ ಜೋಡಿಸುವಾಗ ಹೊಸ ಗ್ಯಾಸ್ಕೆಟ್ಟನ್ನೇ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಗಡೆಗೆ, ಎರಡು ಮೂರು ಸುತ್ತಿನಲ್ಲಿ, ಪುಸ್ತಿಕೆಯಲ್ಲಿ ಕೊಟ್ಟ ಅಳತೆಗೆ ಬಿಗಿಯಬೇಕು. ತಲೆ ಹೊರಗಿರುವಾಗಲೇ ನೀರು ಹರಿಯುವ ದಾರಿಗಳ ಉಪ್ಪುಗಟ್ಟನ್ನೂ ತೆಗೆದುಬಿಡುವುದು ಜಾಣತನ.

ಇಲ್ಲಿ ಹೋಟೆಲಿನ ಬಂಧುಗಳಿಗಾಗಿಯೇ ಒಂದು ಎಚ್ಚರಿಕೆ. ಜಿಡ್ಡು ಹಿಡಿದ ಕಬ್ಬಿಣದ ಪಾತ್ರೆಗಳಿಗೂ ಹೊಗೆಗೂಡಿಗೂ ಕಾಸ್ಟಿಕ್ ಸೋಡಾ ಉಪಯೋಗಿಸಿ ರೂಢಿಯಿದ್ದವರು ಅದೇ ಉಪಾಯವನ್ನು ಊರಿಗೆ ಹೇಳಿ ಕಳುಹಿಸುವ ಸಂಭವವಿದೆ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಮನ್ನು ತಿನ್ನುತ್ತದೆ. ಅಲ್ಯುಮಿನಿಯಮ್ ಪಾತ್ರೆಯಲ್ಲಿ ಅದು ಬುರುಬುರು ನೊರೆಯೆಬ್ಬಿಸಿ ಪಾತ್ರೆ ಕಪ್ಪಾಗಿ ತೆಳ್ಳಗಾಗುವುದನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಡ; ಆ ನೊರೆಯಲ್ಲಿರುವುದು ಹೊತ್ತಿಕೊಳ್ಳುವ ಜಲಜನಕ. ಪಿಸ್ಟನ್, ತಲೆ ಎರಡೂ ಅಲ್ಯುಮಿನಿಯಮಿನವು. ಓಡುವ ಯಂತ್ರಕ್ಕೆ ಕಾರ್ಬ್ಯುರೇಟರಿನಿಂದ ನೀರು ಬಿಟ್ಟು ಇಂಗಾಲ ಕಳೆಯುವ ಹಳೆಯ ಮೋಟಾರು ಗಾಡಿಗಳವರ ಉಪಾಯವೂ ಇಲ್ಲಿ ಸಲ್ಲದು. ಎರಡು ಹೊಡೆತದ ಯಂತ್ರದಲ್ಲಿ ಆ ನೀರು ಮೊದಲು ಬೇರಿಂಗುಗಳಿರುವ ಕೋಣೆಗೇ ಹೋಗಿ ಅಲ್ಲಿನ ಎಣ್ಣೆಯನ್ನು ತೊಳೆದು ತುಕ್ಕಿಗೆ ದಾರಿ ಮಾಡುತ್ತದೆ.

ಮತ್ತೆ ಕಿಟ್ಟ ಕಟ್ಟದಂತೆ ಮಾಡುವುದು ಹೆಚ್ಚು ಕಷ್ಟವಲ್ಲ. ದೋಣಿಯ ಮೋಟಾರಿಗೆಂದೇ ತಯಾರಾದ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂಬ ಗುರುತಿರುವ ಎಣ್ಣೆಯನ್ನೇ ಬಳಸಬೇಕು. ಲಾರಿ, ಬಸ್ಸುಗಳ ಎಂಜಿನ್ ಎಣ್ಣೆಯಲ್ಲಿ ಸುಟ್ಟ ಮೇಲೆ ಬೂದಿಯಾಗುವ ಲೋಹಾಂಶಗಳಿರುತ್ತವೆ. ಅಗ್ಗವೆಂದು ಅದನ್ನು ಬೆರಸುವುದು ಇಂಗಾಲಕ್ಕೆ ಗಾರೆ ಸೇರಿಸಿದಂತೆ. ಪ್ರಮಾಣವನ್ನು ಅಂದಾಜಿನಿಂದ ಸುರಿಯದೆ ಅಳೆದೇ ಹಾಕಬೇಕು. 50ಕ್ಕೆ 1 ಎಂದಿದ್ದರೆ 10 ಲೀಟರಿಗೆ 200 ಮಿಲಿಲೀಟರ್. 25ಕ್ಕೆ 1 ಎಂದಿದ್ದರೆ ಅದರ ಇಮ್ಮಡಿ. ಯಾವುದು ಎಂಬುದು ಆಯಾ ಮೋಟಾರಿನ ಪುಸ್ತಿಕೆಯಲ್ಲಿದೆ. ಸೀಮೆಎಣ್ಣೆಯ ಮೋಟಾರಿಗೆ ಸಾಮಾನ್ಯವಾಗಿ ಹೆಚ್ಚು ಎಣ್ಣೆ ಬೇಕು. ಒಂದು ಹಿಡಿ ಹೆಚ್ಚಿಗೆ ಹಾಕಿದರೆ ಒಳ್ಳೆಯದೇ ಎಂಬ ನಂಬಿಕೆ ಬಹಳ ಮಂದಿಗಿದೆ, ಹೆಚ್ಚಾದುದೆಲ್ಲ ಕಿಟ್ಟವೇ. ಕಡಿಮೆ ಮಾಡುವುದು ಮಾತ್ರ ಅದಕ್ಕಿಂತಲೂ ಅಪಾಯ. ಬಲೆ ಬಿಡುತ್ತ ಗಂಟೆಗಟ್ಟಲೆ ನಿಧಾನವಾಗಿ ನಡೆಸಿದ ಮೋಟಾರನ್ನು ದಡಕ್ಕೆ ಮರಳುವಾಗ ಸ್ವಲ್ಪ ಹೊತ್ತು ಪೂರ್ಣ ವೇಗದಲ್ಲಿ ಓಡಿಸಿದರೆ ಮೆತ್ತಗಿರುವ ಮಸಿ ಉರಿದುಹೋಗುತ್ತದೆ. ಬಿಸಿ ಕಾಯ್ದುಕೊಳ್ಳುವ ಥರ್ಮೋಸ್ಟಾಟ್ ಇರುವ ಮೋಟಾರಿನಲ್ಲಿ ಅದು ಕೆಟ್ಟಿತೆಂದು ಕಿತ್ತೆಸೆದರೆ ಯಂತ್ರ ಸದಾ ತಣ್ಣಗೆ ಓಡಿ ಇನ್ನಷ್ಟು ಮಸಿ ಕಟ್ಟುತ್ತದೆ.

ಇದನ್ನೆಲ್ಲ ಮಾಡಿಸಲು ತಕ್ಕ ಕಾಲ ಮೇ ತಿಂಗಳ ಮೊದಲ ಹದಿನೈದು ದಿನಗಳು. ಆ ಮೇಲೆ ಮೇಸ್ತ್ರಿ ಸಿಕ್ಕುವುದು ಕಷ್ಟ. ಸಿಕ್ಕಿದರೂ ಅವಸರದ ಕೆಲಸ. ರಜೆಗೆ ಊರಿಗೆ ಹೋಗುವವರು ಒಂದು ಗೇಜನ್ನೂ ಒಂದೆರಡು ಡಬ್ಬಿ ಒಳ್ಳೆಯ ಎಣ್ಣೆಯನ್ನೂ ಚೀಲದಲ್ಲಿ ಒಯ್ದರೆ ಬಂಗಾಳಿ ಸಿಹಿಯ ಪೆಟ್ಟಿಗೆಗಿಂತ ಉಪಕಾರವಾದೀತು.

ತಲೆ ಬಿಚ್ಚಿದಾಗ ಮೇಸ್ತ್ರಿ ಸಿಲಿಂಡರಿನ ಗೋಡೆಯನ್ನು ಬಟ್ಟೆಯಿಂದ ಒರಸಿ, ಬೆಳಕು ಬಿಟ್ಟು, ಫೋನಿನಲ್ಲಿ ಒಂದು ಚಿತ್ರ ತೆಗೆದು ಕಳುಹಿಸುವಂತೆ ಹೇಳಬೇಕು. ಗೋಡೆ ನುಣ್ಣಗಿದ್ದರೆ ಹೊಸ ಮೋಟಾರಿನ ಮಾತನ್ನು ಮುಂದಕ್ಕೆ ಹಾಕಬಹುದು. ಉಗುರು ಆಡಿಸಿದಾಗ ತಡೆಯುವಂತಹ ಉದ್ದನೆಯ ಗೀರುಗಳಿದ್ದರೆ ಇಂಗಾಲ ತೆಗೆದುದರಿಂದ ಮಾತ್ರ ಸಾಲದು. ಸಿಲಿಂಡರನ್ನು ಕೊರೆಯಿಸಿ, ಒಂದಳತೆ ದೊಡ್ಡದಾದ ಪಿಸ್ಟನ್ನನ್ನೂ ಉಂಗುರಗಳನ್ನೂ ಹಾಕಿಸಬೇಕು. ಆ ಮಾದರಿಗೆ ದೊಡ್ಡ ಅಳತೆಯ ಪಿಸ್ಟನ್ ಪೇಟೆಯಲ್ಲಿ ದೊರೆಯುತ್ತದೆಯೆ ಎಂಬುದನ್ನು ಮೊದಲು ವಿಚಾರಿಸಿ, ಆ ಖರ್ಚನ್ನೂ ಹೊಸ ಮೋಟಾರಿನ ಬೆಲೆಯನ್ನೂ ಎದುರುಬದುರು ಬರೆದು ನೋಡಿ, ಅನಂತರ ಹಣ ಕಳುಹಿಸಬಹುದು.